ಊರಿಗೊಂದು ಅಳತೆ, ಪೇಟೆಗೊಂದು ಮಾತು

ಸೊಲ್ಲಾಪುರದ ಜವಳಿ ಮನೆತನದ ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೇಕಾರರ ಓಣಿಯಲ್ಲಿ ತೆಲುಗು ಆಡುತ್ತ ಬೆಳೆದವರು. ಮಧ್ಯಯುಗದ ಯುರೋಪಿನ ವರ್ತಕರ ವೃತ್ತಾಂತಗಳನ್ನು ಓದತೊಡಗಿದಾಗ ಅಲ್ಲಿಯ ಹಾದಿಗಳ್ಳರು, ಆಲ್ಪ್ಸ್ ಪರ್ವತದ ಹಿಮ ನಮ್ಮನ್ನು ಅಷ್ಟಾಗಿ ಬೆದರಿಸಲಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಳತೆ ಮತ್ತು ಮಾತು.

ಬಟ್ಟೆ ಅಳೆಯುವ 'ಎಲ್' ಫ್ಲಾಂಡರ್ಸಿನಲ್ಲಿ 27 ಅಂಗುಲ, ಇಂಗ್ಲೆಂಡಿನಲ್ಲಿ 45. ಹೆಸರು ಒಂದೇ ಎಂದು ನಂಬಿ ಬೆಲೆ ಹೇಳಿದವನ ಗತಿ ಏನಾಗಿರಬೇಕು! ರೈನ್ ನದಿಯಲ್ಲಿ ದೋಣಿಗಳು ಕೋಟೆಯಿಂದ ಕೋಟೆಗೆ ಸುಂಕ ತೆರುತ್ತ ಸಾಗಬೇಕಿತ್ತು. ನಾಣ್ಯಗಳೂ ಹಲವು ಬಗೆ. 1252ರಲ್ಲಿ ಫ್ಲಾರೆನ್ಸ್, 1284ರಲ್ಲಿ ವೆನಿಸ್ ಟಂಕಿಸಿದ ಚಿನ್ನದ ನಾಣ್ಯಗಳನ್ನು ದೂರದವರೂ ನಂಬಿದರು. ಆದರೆ ಚಿನ್ನ ಹೊತ್ತು ನಡೆಯುವುದೇ ಅಪಾಯ. ಆದುದರಿಂದ ಹಣಕ್ಕೆ ಬದಲು ಕಾಗದ ಕಳುಹಿಸುವ ಪದ್ಧತಿ ಬೆಳೆಯಿತು. ಹುಂಡಿ ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಫ್ಲಾರೆನ್ಸಿನ ಬಾರ್ದಿ ಸಂಸ್ಥೆಯಲ್ಲಿ ದುಡಿದ ಪೆಗೊಲೊಟ್ಟಿ 1340ರ ಸುಮಾರಿಗೆ ಊರೂರಿನ ತೂಕ, ಅಳತೆ, ಸುಂಕಗಳನ್ನು ಒಂದು ಗ್ರಂಥದಲ್ಲಿ ಕೂಡಿಸಿದನು. ಅದರ ಆರಂಭದಲ್ಲಿಯೇ ವ್ಯಾಪಾರದ ಶಬ್ದಗಳಿಗೆ ನಾನಾ ಭಾಷೆಗಳಲ್ಲಿ ಏನೆನ್ನುತ್ತಾರೆಂಬ ಪಟ್ಟಿಯಿದೆ. ಚೀನಾದ ಹಾದಿ ಹಿಡಿಯುವವರು ದುಭಾಷಿಯ ಸಂಬಳದಲ್ಲಿ ಜಿಪುಣತನ ಮಾಡಬಾರದೆಂದೂ ಅವನು ಎಚ್ಚರಿಸುತ್ತಾನೆ. ವೆನಿಸ್ಸಿನಲ್ಲಂತೂ ಜರ್ಮನ್ ವರ್ತಕರು ತಮಗೆ ಗೊತ್ತುಮಾಡಿದ ಒಂದೇ ಕಟ್ಟಡದಲ್ಲಿ ಇಳಿದುಕೊಳ್ಳಬೇಕಿತ್ತು, ದಲಾಲನಿಲ್ಲದೆ ವ್ಯವಹಾರವಿಲ್ಲ. ಅಲ್ಲಿ 1424ರಲ್ಲಿ ನ್ಯೂರೆಂಬರ್ಗಿನ ಗೇಯೋರ್ಗ್ ಎಂಬ ಉಪಾಧ್ಯಾಯನು ರಚಿಸಿದ ಭಾಷಾಬೋಧಿನಿಯಲ್ಲಿ ಬಟ್ಟೆಯ ಚೌಕಾಶಿಯೂ ಪಾಠವೇ. ನಾವು ಓಣಿಯಲ್ಲಿ ತೆಲುಗು ಕಲಿತದ್ದೂ ಹಾಗೆಯೇ, ಪುಸ್ತಕವಿಲ್ಲದೆ.

ಪ್ರಾತೊ ಪಟ್ಟಣದ ವರ್ತಕ ದಾತಿನಿಯ ವಿಷಯ ಓದಿದಾಗ ಮಾತ್ರ ನಮ್ಮ ಮನಸ್ಸು ಮಂಕಾಯಿತು. 1410ರಲ್ಲಿ ತೀರಿಕೊಂಡ ಆತನ ಮನೆಯಲ್ಲಿ 1870ರಲ್ಲಿ ಸುಮಾರು 1,50,000 ಪತ್ರಗಳೂ ನೂರಾರು ಲೆಕ್ಕದ ಪುಸ್ತಕಗಳೂ ದೊರೆತವು. ನಮ್ಮ ಮನೆ ಪಾಲಾದಾಗ ಅಜ್ಜನವರ ಕನ್ನಡ ಕಿರ್ದಿ, ಖಾತೆವಹಿಗಳನ್ನು ನಾವೇ ಕೈಯಾರೆ ರದ್ದಿಗೆ ತೂಗಿಸಿದ್ದೆವು. ಬೇಡವೆಂದವರು ಒಬ್ಬರೂ ಇರಲಿಲ್ಲ. ಓದುವವರು ಯಾರೆಂಬುದೇ ಎಲ್ಲರ ಪ್ರಶ್ನೆ.

ಹೇಗೋ ಒಂದು ವಹಿ ಉಳಿದಿದೆ. ಅದರ ಕೊನೆಯ ಪುಟಗಳಲ್ಲಿ ಅಜ್ಜನವರು ಕನ್ನಡ ಅಕ್ಷರದಲ್ಲಿಯೇ ಮೂರು ಭಾಷೆಗಳ ಪಟ್ಟಿ ಬರೆದಿದ್ದಾರೆ: ನೂಲಿಗೆ ಮರಾಠಿಯಲ್ಲಿ ಸೂತ, ತೆಲುಗಿನಲ್ಲಿಯೂ ನೂಲೇ, ಬೆಲೆಗೆ ಕಿಂಮತ, ಧರ. ಪೆಗೊಲೊಟ್ಟಿಯ ಹೆಸರನ್ನು ಅವರು ಕೇಳಿರಲಾರರು. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಮೊನ್ನೆ ಆ ಸಾಲುಗಳ ಮೇಲೆ ಬೆರಳಿಟ್ಟು, "ಅಜ್ಜಾ, ಇದೇನು ಬರದಾರ?" ಎಂದ. ದಿನಕ್ಕೊಂದು ಸಾಲು ಅವನೊಡನೆ ಓದುತ್ತಿದ್ದೇವೆ, ಹದಿನಾರನೆಯದಕ್ಕೆ ಬಂದಿದ್ದೇವೆ.