ಕೆರೆಯ ಏರಿಯ ಮೇಲೆ ಇಬ್ಬರು

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರು ಯಾರೂ ಡ್ರಿಲ್ಲಿನ ಸೀಟಿಯನ್ನು ಮರೆತಿರಲಾರರು. ಆಟೋಟದ ದಿನ ಹಗ್ಗ ಎಳೆಯುವ 8 ಮಂದಿಯಲ್ಲಿ ನಾನು ನಡುವಿನವಳು. ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುವೆನು: ನಾನು ಹಗ್ಗವನ್ನು ಹಿಡಿದಿದ್ದೆನೇ ಹೊರತು ಎಳೆದವಳಲ್ಲ. ಮುಖವನ್ನು ಮಾತ್ರ ಎಲ್ಲರಿಗಿಂತ ಹೆಚ್ಚಾಗಿ ಬಿಗಿಯುತ್ತಿದ್ದೆನು. ರಿಂಗಲ್‌ಮನ್ ಎಂಬ ಫ್ರೆಂಚ್ ಎಂಜಿನಿಯರು ಇದನ್ನೇ ಅಳೆದು 1913ರಲ್ಲಿ ಪ್ರಕಟಿಸಿದನೆಂದು ಬಹುಕಾಲದ ಮೇಲೆ ಓದಿದೆನು. 8 ಮಂದಿ ಕೂಡಿ ಎಳೆದಾಗ ಒಬ್ಬೊಬ್ಬನ ಬಲವು ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿಯುವುದಂತೆ. ನನ್ನದು ಅದಕ್ಕೂ ಕಡಮೆಯೇ ಇದ್ದೀತು.

ಅರುವತ್ತು ದಾಟಿದ ಮೇಲೆ ಸಕ್ಕರೆಯ ಕಾಯಿಲೆ ಬಂದಿತು. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕು, ನಡೆಯುವಾಗ ಮಾತನಾಡಲು ಉಸಿರಿರಬೇಕು, ಹಾಡಲು ಸಾಲದಿರಬೇಕು, ಅದೇ ಅಳತೆ ಎಂದು ವೈದ್ಯರು ಹೇಳಿದರು. ನಾನಿರುವ ಹೊಸಕೋಟೆಯಲ್ಲಿ ನಡೆಯಲು ಸ್ಥಳಕ್ಕೇನು ಕೊರತೆ? ಇಲ್ಲಿಯ ದೊಡ್ಡ ಕೆರೆಯ ಏರಿ 2 ಮೈಲಿ ಉದ್ದವೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಆದರೂ ಮೊದಲ ತಿಂಗಳಿನಲ್ಲಿ ನಾನು ಹೋದುದು ಆರೇ ದಿನ. ಮಳೆಯೆಂದು ಒಂದು ದಿನ, ಬೀದಿನಾಯಿಗಳೆಂದು ಒಂದು ದಿನ, ನೆಂಟರೆಂದು ನಾಲ್ಕು ದಿನ. ‘ಶಾಂತಲಾ’ ಕಾದಂಬರಿಯನ್ನು ಬರೆದ ಬೆಂಗಳೂರಿನ ಕೆ. ವಿ. ಅಯ್ಯರವರು 1930ರ ದಶಕದಲ್ಲಿ ಅಂಚೆಯ ಮೂಲಕ ಅಂಗಸಾಧನೆಯನ್ನು ಕಲಿಸುತ್ತಿದ್ದರು. ಕಾಗದವನ್ನು ನೋಡಿಕೊಂಡು ಮನೆಯಲ್ಲಿ ಒಬ್ಬನೇ ದಂಡ ತೆಗೆದ ಆ ಶಿಷ್ಯರ ದೃಢಚಿತ್ತ ನನಗೆ ಎಲ್ಲಿಂದ ಬರಬೇಕು!

ಆಗ ನನ್ನ ಸಹಪಾಠಿನಿಯೊಬ್ಬಳು ಜೊತೆಯಾದಳು. ಅದೇ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಜವಾಗಿ ಎಳೆಯುತ್ತಿದ್ದವಳು ಅವಳು. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದು “ಎದ್ದೆಯೇನೇ?” ಎಂದು ಕೂಗುವಳು. ಮೂರು ವರ್ಷ ನಮ್ಮ ನಡಿಗೆ ತಪ್ಪಿದುದು ಬಹು ಅಪರೂಪ. ಎಷ್ಟು ಮಾತು, ಎಷ್ಟು ನಗು! ಏರಿಯ ಮೇಲೆ ಹಾಡಿದ್ದೂ ಉಂಟು. ವೈದ್ಯರ ಅಳತೆ ಆಗ ನೆನಪಾಗಲಿಲ್ಲ.

ಒಮ್ಮೆ ನಾನು ಜ್ವರದಿಂದ ನಾಲ್ಕು ದಿನ ಮಲಗಿದೆನು. ಐದನೆಯ ದಿನ ತಡವಾಗಿ, ಸುಮ್ಮನೆ ಗಾಳಿಗೆಂದು ಏರಿಗೆ ಹೋದೆನು. ದೂರದಲ್ಲಿ ಒಬ್ಬಳು ಕೈಬೀಸಿ, ಸೆರಗು ಬಿಗಿದು, ಬಾಣದಂತೆ ಬರುತ್ತಿದ್ದಳು. ಹತ್ತಿರವಾಗುವವರೆಗೆ ಅವಳೇ ಎಂದು ನನಗೆ ತಿಳಿಯಲಿಲ್ಲ. ಮೂರು ವರ್ಷ ಅವಳು ತನ್ನ ಹೆಜ್ಜೆಯನ್ನು ನನ್ನ ಹೆಜ್ಜೆಗೆ ಕುಗ್ಗಿಸಿಕೊಂಡಿದ್ದಳು. ಅವಳಿಗೆ ರಕ್ತದ ಒತ್ತಡ. ಆ ವರ್ಷವೇ ಮಾತ್ರೆ ಎರಡಾಗಿತ್ತು. ಉಪ್ಪಿನಕಾಯಿಯ ಚಪಲದಿಂದಲೇ ಹೀಗಾಯಿತೆಂದು ನಾನು ಅವಳನ್ನು ಗದರಿಸಿದ್ದೆನು!

“ಯಾಕೆ ಹೇಳಲಿಲ್ಲವೇ?” ಎಂದೆನು.

“ಹೇಳಿದ್ದರೆ ನೀನು ಬರುವುದನ್ನೇ ಬಿಡುತ್ತಿದ್ದೆ” ಎಂದಳು. ಅದು ನಿಜವಾದುದರಿಂದಲೇ ನನಗೆ ಬಹಳ ನೋವಾಯಿತು. ಮತ್ತೊಮ್ಮೆ ನಾನು ಹಗ್ಗವನ್ನು ಹಿಡಿದು ನಿಂತಿದ್ದೆನಷ್ಟೆ.

ಈಗ ಮನೆಯಿಂದ ಇಬ್ಬರೂ ಕೂಡಿಯೇ ಹೊರಡುವೆವು. ಏರಿಯ ಮೊದಲಲ್ಲಿ ಅಗಲುವೆವು. ಅವಳು ಮುಂದೆ ಹೋಗಿ, ಇಪ್ಪತ್ತು ನಿಮಿಷವಾದೊಡನೆ ಹಿಂದಿರುಗುವಳು. ನಾನು ನನ್ನ ಪಾಡಿಗೆ ನಡೆಯುವೆನು. ಮೊದಮೊದಲು ಬಹಳ ಬೇಸರವಾಯಿತು. ನನ್ನ ಉಸಿರಿನ ಸದ್ದಿಗೆ ನಾನೇ ಬೆದರಿದೆನು. ಆಮೇಲೆ ಹದಿನಾರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತ ನಡೆಯತೊಡಗಿದೆನು. ಎಲ್ಲಿ ತೊದಲುವುದೋ ಅಲ್ಲಿ ಸ್ವಲ್ಪ ನಿಧಾನ. ಈ ಲೆಕ್ಕ ಜೊತೆಯಲ್ಲಿ ಮಾತನಾಡುತ್ತ ನಡೆದಾಗ ನನಗೆ ಸಿಕ್ಕಿರಲಿಲ್ಲ.

ಹಿಂದಿರುಗುವಾಗ ಅವಳು ನನ್ನನ್ನು ಸಂಧಿಸುತ್ತಿದ್ದುದು ಹೊಂಗೆಯ ಮರದ ಬಳಿ. ಕಳೆದ ವಾರ ಅದನ್ನು ದಾಟಿ ತೂಬಿನ ಹತ್ತಿರ ಸಂಧಿಸಿದೆವು. ಅವಳು ನಿಂತು, ಸೊಂಟದ ಮೇಲೆ ಕೈಯಿಟ್ಟು, “ಎಲ್ಲಿ, ಒಂದು ಹಾಡು ಹೇಳೇ ನೋಡೋಣ” ಎಂದಳು.

ಬಾಯಿ ತೆರೆದೆನು. ಪಲ್ಲವಿಗೂ ಉಸಿರು ಸಾಲಲಿಲ್ಲ.