ಮಂಗ ಎಲ್ಲಿ ಸಾರ್?

ಭದ್ರೆಯ ದಂಡೆಯಲ್ಲಿ ಬಸ್ಸು ಹತ್ತಿ ತುಂಗೆಯ ದಂಡೆಯಲ್ಲಿ ಇಳಿಯಲು ಸುಮಾರು 20 ಕಿ.ಮೀ. ದಾರಿ. ಆ ದಿನ ನನ್ನ ತೊಡೆಯ ಮೇಲೆ 25 ಚಿತ್ರಗಳ ಸುರುಳಿಯಿತ್ತು. ಭದ್ರಾವತಿಯ ನಮ್ಮ ಮಕ್ಕಳು ಲಿನೋಲಿಯಂ ಹಾಳೆ ಕೆತ್ತಿ, ಮಸಿ ಹಚ್ಚಿ ಒತ್ತಿ ತೆಗೆದವು. ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ. 25ಕ್ಕೇ ನಿಲ್ಲಿಸಿದ್ದು ಕಲೆಯ ಬಿಂಕದಿಂದಲ್ಲ, ಕಾಗದ ಮುಗಿಯಿತು! ಪತ್ರಿಕೆಗಳಿಗೆ ಕಾಗದ ಒದಗಿಸಿದ ಊರು ನಮ್ಮದು. 2015ರಲ್ಲಿ ಕಾರ್ಖಾನೆ ನಿಂತ ಮೇಲೆ ನಾವೂ ಅಂಗಡಿ ಕಾಗದವನ್ನು ಎಣಿಸಿ ಕೊಳ್ಳುವವರೇ.

ಚಿತ್ರದ ವಿಷಯ ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು. ಮಕ್ಕಳು ಮೊದಲು ಕೆತ್ತಿದ್ದು ಹಲ್ಲು ಕಿರಿದ ದೊಡ್ಡ ಮಂಗನನ್ನು. ಅದನ್ನು ಗೋಡೆಗೆ ಅಂಟಿಸಿದ ಮರುದಿನವೇ ಚಿಕ್ಕ ತರಗತಿಯ ಹುಡುಗರು ಕಾಂಪೌಂಡಿನ ಕೋತಿಗಳಿಗೆ ಕಲ್ಲು ಬೀರತೊಡಗಿದರು. ತಪ್ಪು ನನ್ನದೇ. ರೋಗ ತಗುಲಿಸುವುದು ಉಣುಗು. ಮಂಗವೂ ನಮ್ಮಂತೆ ಅದಕ್ಕೆ ಬಲಿ. ಮಂಗ ಸತ್ತಾಗ ಮೈಮೇಲಿನ ಉಣುಗುಗಳು ಉದುರುತ್ತವೆ. ದರಗು, ಸೌದೆ ತರಲು ಹೋದವರಿಗೆ ಹತ್ತುತ್ತವೆ. ಅದಕ್ಕೇ ಸತ್ತ ಮಂಗನ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಎರಡನೆಯ ಸಲ ಬರಿಗಾಲೊಂದನ್ನು ಕೆತ್ತಿದರು. ಹಿಮ್ಮಡಿಯ ಮೇಲೆ ಮರಿ ಉಣುಗು, ಇದ್ದ ಅಳತೆಯಲ್ಲೇ: ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಚುಕ್ಕೆ.

ಶಿವಮೊಗ್ಗ ನಿಲ್ದಾಣದಲ್ಲಿ ಸಾಗರದ ಬಸ್ಸಿನ ಕಂಡಕ್ಟರ್ ಒಂದನ್ನು ಬಿಡಿಸಿ ನೋಡಿದರು. “ಮಂಗ ಎಲ್ಲಿ ಸಾರ್?”

ಚುಕ್ಕೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಆಮೇಲೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು.