ಕ್ಯಾಲ್ಗರಿಯೋ, ವಿನ್ನಿಪೆಗ್ಗೋ? ಸಾಮಾನು ಕಟ್ಟುವ ಮೊದಲು

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕುಟುಂಬಗಳಿಗೆ ಪರವೂರಿನ ಬದುಕು ಹೊಸದಲ್ಲ. ಅಜ್ಜಂದಿರ ಕಾಲದಲ್ಲಿ ಮುಂಬಯಿ, ಆಮೇಲೆ ಗಲ್ಫ್. ಅಲ್ಲಿಗೆ ಹೊರಡುವಾಗ ಹವೆ ಹೇಗಿದೆ ಎಂದು ಯಾರೂ ಅಷ್ಟಾಗಿ ವಿಚಾರಿಸುತ್ತಿರಲಿಲ್ಲ. ಸೆಕೆ ನಮಗೆ ತಿಳಿದದ್ದೇ, ಅಲ್ಲಿ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಈಗ ನಮ್ಮ ನರ್ಸುಗಳೂ ಕಂಪ್ಯೂಟರ್ ಕಲಿತ ಹುಡುಗರೂ ಕೆನಡಾದ ಕಡೆಗೆ ಮುಖ ಮಾಡಿದ್ದಾರೆ. ಟೊರೊಂಟೊ, ವ್ಯಾಂಕೂವರ್ ನಗರಗಳಲ್ಲಿ ಬಾಡಿಗೆ ಕೊಟ್ಟು ಪೂರೈಸುವುದಿಲ್ಲವೆಂದು ಹಲವರು ಒಳನಾಡಿನ ಎರಡು ಊರುಗಳ ಹೆಸರು ಹೇಳುತ್ತಾರೆ: ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿ ಮತ್ತು ಮ್ಯಾನಿಟೋಬಾ ಪ್ರಾಂತದ ವಿನ್ನಿಪೆಗ್. ಮ್ಯಾನಿಟೋಬಾ ತನಗೆ ಬೇಕಾದ ಕೆಲಸಗಾರರನ್ನು 1998ರಿಂದಲೇ ತಾನಾಗಿ ಆರಿಸಿ ಶಿಫಾರಸು ಮಾಡುವ ಏರ್ಪಾಡು ಇಟ್ಟುಕೊಂಡಿರುವುದರಿಂದ, ಎಲ್ಲೋ ಇದ್ದ ವಿನ್ನಿಪೆಗ್ಗಿನ ಹೆಸರು ನಮ್ಮ ಮನೆಗಳಲ್ಲೂ ಕೇಳಿಸತೊಡಗಿದೆ.

ಈ ಎರಡೂ ಊರುಗಳಲ್ಲಿ ಸೇವೆ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ವಿನ್ನಿಪೆಗ್ಗಿನಲ್ಲಿ ಎರಡು ಚಳಿಗಾಲ, ಕ್ಯಾಲ್ಗರಿಯಲ್ಲಿ ಒಂದು. ಹಾಗಾಗಿ ಪೂಜೆ ಮುಗಿದು ಹೊರಗೆ ಬಂದರೆ ಒಂದೇ ಪ್ರಶ್ನೆ: "ಫಾದರ್, ಎರಡರಲ್ಲಿ ಎಲ್ಲಿ ಚಳಿ ಕಡಿಮೆ?" ಉತ್ತರ ಸುಲಭ, ಕ್ಯಾಲ್ಗರಿಯಲ್ಲಿ. ಆದರೆ ಆ ಒಂದು ಉತ್ತರವನ್ನು ನಂಬಿ ಹೊರಡಬೇಡಿ ಎಂದು ನಾನು ಹೇಳುತ್ತೇನೆ. ಚಳಿ ಎಷ್ಟು ಎಂಬುದಕ್ಕಿಂತ ಅದರ ಸ್ವಭಾವ ಎಂಥದು, ಅದನ್ನು ಅನುಭವಿಸಬೇಕಾದವರು ಮನೆಯಲ್ಲಿ ಯಾರು ಎಂಬುದು ದೊಡ್ಡ ವಿಷಯ.

ಮೊದಲು ಅಂಕಿಗಳನ್ನು ನೋಡೋಣ. ಹಲವು ವರ್ಷಗಳ ಸರಾಸರಿಯ ಪ್ರಕಾರ ಜನವರಿಯಲ್ಲಿ ಕ್ಯಾಲ್ಗರಿಯ ಉಷ್ಣತೆ ಮೈನಸ್ 7 ಡಿಗ್ರಿಯ ಆಸುಪಾಸು, ವಿನ್ನಿಪೆಗ್ಗಿನದು ಮೈನಸ್ 16. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಕ್ಯಾಲ್ಗರಿ ಶೂನ್ಯದ ಹತ್ತಿರ ಬರುತ್ತದೆ, ವಿನ್ನಿಪೆಗ್ ಮೈನಸ್ 11ರಲ್ಲೇ ನಿಲ್ಲುತ್ತದೆ. ವಿಚಿತ್ರವೆಂದರೆ ಹಿಮ ಬೀಳುವುದು ಕ್ಯಾಲ್ಗರಿಯಲ್ಲೇ ಸ್ವಲ್ಪ ಹೆಚ್ಚು. ವಿನ್ನಿಪೆಗ್ಗಿನಲ್ಲಿ ಬೀಳುವುದು ಕಡಿಮೆಯಾದರೂ ಬಿದ್ದದ್ದು ಮಾರ್ಚ್‌ವರೆಗೆ ಏಳುವುದಿಲ್ಲ.

ಎರಡರ ನಡುವೆ ರಸ್ತೆಯಲ್ಲಿ ಸುಮಾರು 1300 ಕಿಲೋಮೀಟರ್ ದೂರ. ವಿನ್ನಿಪೆಗ್ ಬಯಲಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 240 ಮೀಟರ್ ಎತ್ತರದಲ್ಲಿದೆ. ಉತ್ತರಧ್ರುವದ ಕಡೆಯಿಂದ ಬರುವ ತಣ್ಣನೆ ಗಾಳಿಯನ್ನು ತಡೆಯಲು ಅಲ್ಲಿ ಒಂದು ಗುಡ್ಡವೂ ಇಲ್ಲ. ಪೋರ್ಟೇಜ್ ಮತ್ತು ಮೇನ್ ಎಂಬ ಎರಡು ದೊಡ್ಡ ರಸ್ತೆಗಳು ಕೂಡುವ ಜಾಗ ಗಾಳಿಗೆ ಹೆಸರುವಾಸಿ. ಉಷ್ಣತೆ ಮೈನಸ್ 25 ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 39ರಂತೆ ತಾಗುತ್ತದೆ. ಅಂಥ ದಿನ ಮುಚ್ಚದೆ ಬಿಟ್ಟ ಕಿವಿ, ಮೂಗಿನ ತುದಿ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. 2013ರ ಡಿಸೆಂಬರ್ 31ರಂದು ಅಲ್ಲಿನ ವಸ್ತುಸಂಗ್ರಹಾಲಯದವರು, ಮಂಗಳ ಗ್ರಹದಲ್ಲಿರುವ ಯಂತ್ರ ಅಳೆದ ಹಗಲಿನ ಉಷ್ಣತೆಯೂ ವಿನ್ನಿಪೆಗ್ಗಿನದೂ ಹೆಚ್ಚುಕಡಿಮೆ ಒಂದೇ ಎಂದು ಲೆಕ್ಕ ಹಾಕಿ ಹೇಳಿದ್ದರು. ಆ ಚಳಿಗಾಲದಲ್ಲಿ ನೆಲದೊಳಗಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ನಲ್ಲಿ ನೀರು ನಿಂತಿತ್ತು.

ಇಷ್ಟು ಓದಿದವರು ವಿನ್ನಿಪೆಗ್ಗನ್ನು ಪಟ್ಟಿಯಿಂದ ಅಳಿಸಿಬಿಡುತ್ತಾರೆ. ಸ್ವಲ್ಪ ತಾಳಿ.

ನಮ್ಮಲ್ಲಿ ಆಟಿ ತಿಂಗಳ ಮಳೆ ಹೇಗೋ ಹಾಗೆ ಆ ಊರಿನ ಚಳಿ. ಬರುತ್ತದೆಂದು ಎಲ್ಲರಿಗೂ ಗೊತ್ತು, ಬಂದರೆ ಕೂತುಬಿಡುತ್ತದೆ, ಊರೇ ಅದಕ್ಕೆ ತಯಾರಾಗಿರುತ್ತದೆ. ಕಾರಿನ ಮುಂಭಾಗದಿಂದ ವಿದ್ಯುತ್ ಪ್ಲಗ್ಗೊಂದು ಹೊರಗೆ ನೇತಾಡುವುದನ್ನು ಮೊದಲ ಸಲ ಕಂಡಾಗ ನನಗೆ ನಗು ಬಂತು. ರಾತ್ರಿ ಇಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡುವ ಹೀಟರ್ ಅದು, ಕಾರು ನಿಲ್ಲಿಸುವ ಜಾಗದಲ್ಲೇ ಅದಕ್ಕೆ ಕರೆಂಟಿನ ವ್ಯವಸ್ಥೆ ಇರುತ್ತದೆ. ಮನೆಗಳ ಒಳಗೆ 20, 21 ಡಿಗ್ರಿ, ಅಂಗಿ ಸಾಕು. ಪೇಟೆಯ ಕಟ್ಟಡಗಳನ್ನು ಮೇಲಿನಿಂದಲೇ ಜೋಡಿಸುವ ಮುಚ್ಚಿದ ದಾರಿಗಳು ಎರಡೂ ಊರುಗಳಲ್ಲಿವೆ. ಕ್ಯಾಲ್ಗರಿಯವರು 1970ರಲ್ಲಿ ಆರಂಭಿಸಿದ ದಾರಿಗಳ ಹೆಸರು 'ಪ್ಲಸ್ 15', ನೆಲದಿಂದ ಸುಮಾರು 15 ಅಡಿ ಎತ್ತರ ಎಂಬ ಅರ್ಥದಲ್ಲಿ. ವಿನ್ನಿಪೆಗ್ಗಿನವರು ಚಳಿಗೆ ಹೆದರಿ ಒಳಗೆ ಕೂರುವವರೂ ಅಲ್ಲ. ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ದಾರಿ ಮಾಡಿ ಮಕ್ಕಳು ಮರಿಗಳೊಂದಿಗೆ ಸ್ಕೇಟಿಂಗ್ ಮಾಡುತ್ತಾರೆ.

ನದಿಯ ಆಚೆ ದಡದಲ್ಲಿ ಫ್ರೆಂಚರ ಸೇಂಟ್ ಬೋನಿಫೇಸ್ ಪ್ರಧಾನಾಲಯವಿದೆ. 1968ರ ಬೆಂಕಿಯಲ್ಲಿ ಹಳೆಯ ದೇವಾಲಯ ಸುಟ್ಟುಹೋಗಿ, ಉಳಿದ ಕಲ್ಲಿನ ಮುಂಗೋಡೆಯ ಹಿಂದೆ ಸಣ್ಣದಾಗಿ ಹೊಸದನ್ನು ಕಟ್ಟಿ 1972ರಲ್ಲಿ ತೆರೆದರು. ಮುಂಗೋಡೆಯ ದೊಡ್ಡ ದುಂಡು ಕಿಟಕಿಗೆ ಈಗ ಗಾಜಿಲ್ಲ, ಅದರ ಮೂಲಕ ಆಕಾಶ ಕಾಣುತ್ತದೆ. ಜನವರಿಯ ಒಂದು ಬೆಳಿಗ್ಗೆ ಅದರ ಕೆಳಗೆ ನಿಂತು ನೋಡಿದ ನೀಲಿ ಬಣ್ಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಣ್ಣೆವೆಯ ಮೇಲೆ ಮಂಜು ಕಟ್ಟಿತ್ತು, ಅದು ಬೇರೆ ಮಾತು.

ಈಗ ಕ್ಯಾಲ್ಗರಿಗೆ ಬರೋಣ. ಇದು 1000 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ ಊರು, ಪಶ್ಚಿಮಕ್ಕೆ ರಾಕಿ ಪರ್ವತಗಳು ಕಾಣುತ್ತವೆ. ಪೆಸಿಫಿಕ್ ಸಾಗರದ ತೇವದ ಗಾಳಿ ಆ ಪರ್ವತಗಳನ್ನು ಏರುವಾಗ ತನ್ನ ನೀರನ್ನೆಲ್ಲ ಆಚೆ ಮಗ್ಗುಲಲ್ಲಿ ಸುರಿಸಿಬಿಡುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲಿ ಆಗುವುದೂ ಇದೇ. ಒಣಗಿದ ಗಾಳಿ ಈಚೆ ಮಗ್ಗುಲಲ್ಲಿ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ಬಿಸಿಯಾಗುತ್ತದೆ, ಏರುವಾಗ ಅಷ್ಟು ತಣ್ಣಗಾಗಿರುವುದಿಲ್ಲ. ಆದ್ದರಿಂದ ಹೊರಟಾಗಿನದಕ್ಕಿಂತ ಬಿಸಿಯಾಗಿಯೇ ಊರಿಗೆ ಬಂದು ಮುಟ್ಟುತ್ತದೆ. ಇದಕ್ಕೆ ಚಿನೂಕ್ ಎಂದು ಹೆಸರು. ಪಶ್ಚಿಮದ ಆಕಾಶದಲ್ಲಿ ಕಮಾನಿನಂಥ ಮೋಡ ಎದ್ದರೆ ಚಿನೂಕ್ ಬಂತೆಂದೇ ಲೆಕ್ಕ. ಬೆಳಿಗ್ಗೆ ಮೈನಸ್ 15 ಇದ್ದ ಊರು ಸಂಜೆಗೆ 8 ಡಿಗ್ರಿಗೆ ಏರಿ, ಜನ ಕೋಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಒಂದು ಚಳಿಗಾಲದಲ್ಲಿ ಹೀಗೆ ಹಲವು ಬಾರಿ. ಜನವರಿಯ ಸರಾಸರಿ ಮೈನಸ್ 7 ಆಗಿರುವುದಕ್ಕೆ ಮುಖ್ಯ ಕಾರಣ ಈ ಬಿಸಿಗಾಳಿ. ಎಲ್ಲ ದಿನವೂ ಮೈನಸ್ 7 ಇರುತ್ತದೆಂದು ಅರ್ಥವಲ್ಲ. 2024ರ ಜನವರಿ ಮಧ್ಯದಲ್ಲಿ ಇದೇ ಊರು ಮೈನಸ್ 35ಕ್ಕಿಂತ ಕೆಳಗಿಳಿದು, ವಿದ್ಯುತ್ ಸಾಲದೆ ಬರಬಹುದು, ಮಿತವಾಗಿ ಬಳಸಿ ಎಂದು ಆಲ್ಬರ್ಟಾದ ಎಲ್ಲರ ಮೊಬೈಲಿಗೂ ಸರಕಾರ ತುರ್ತು ಸಂದೇಶ ಕಳಿಸಬೇಕಾಯಿತು.

ಚಿನೂಕ್ ಬಂದಾಗ ಎಲ್ಲರಿಗೂ ಸಂತೋಷ. ಅದು ಹೋದ ಮೇಲಿನ ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಹಗಲು ಕರಗಿದ ಹಿಮ ಕಾಲುದಾರಿಯ ಮೇಲೆ ನೀರಾಗಿ ಹರಡಿ, ರಾತ್ರಿ ಚಳಿ ಮರಳಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ನೋಡಿದರೆ ಬರೀ ಒದ್ದೆ ಸಿಮೆಂಟಿನಂತೆ ಕಾಣುತ್ತದೆ, ಕಾಲಿಟ್ಟರೆ ಮುಗಿಯಿತು. ವಿನ್ನಿಪೆಗ್ಗಿನ ಗಡಸು ಚಳಿಯಲ್ಲಿ ಹಿಮ ಒಣ ಮರಳಿನಂತೆ ಕಾಲ ಕೆಳಗೆ ಕಿರಕಿರ ಎನ್ನುತ್ತದೆ, ಅಲ್ಲಿ ಜಾರುವ ಭಯ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಡಿಮೆ. ಎಲುಬು ಸವೆದ ಹಿರಿಯರಿಗೆ ಮೈನಸ್ 20ರ ಒಣ ಹಿಮಕ್ಕಿಂತ ಶೂನ್ಯದ ಸುತ್ತ ಏರಿಳಿಯುವ ದಾರಿ ಹೆಚ್ಚು ಅಪಾಯ. ಕಾನೂನಿನ ಮಾತೂ ಇದೆ. ಕ್ಯಾಲ್ಗರಿಯಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕು. ವಿನ್ನಿಪೆಗ್ಗಿನಲ್ಲಿ ಕಾಲುದಾರಿಯ ಹಿಮವನ್ನು ನಗರಪಾಲಿಕೆಯ ಯಂತ್ರಗಳು ಬಂದು ತೆಗೆಯುತ್ತವೆ, ಸ್ವಲ್ಪ ತಡವಾದರೂ.

ತಲೆನೋವಿನ ಮನೆಯವರು ಇನ್ನೊಂದನ್ನು ಗಮನಿಸಬೇಕು. ಚಿನೂಕ್ ಬೀಸುವ ದಿನ ಮೈಗ್ರೇನ್ ಎದ್ದಿತು ಎಂದು ಕ್ಯಾಲ್ಗರಿಯ ಜನ ಹೇಳುವುದು ಬರೀ ಊರ ಮಾತಲ್ಲ. ಅಲ್ಲಿನ ವೈದ್ಯರು ರೋಗಿಗಳ ದಿನಚರಿಯನ್ನು ಗಾಳಿಯ ದಾಖಲೆಯೊಂದಿಗೆ ಹೋಲಿಸಿ, ಕೆಲವರಿಗೆ ಇದು ನಿಜವೆಂದು 2000ದಲ್ಲಿ ಪ್ರಕಟಿಸಿದ್ದಾರೆ.

ಒಣಹವೆ ಎರಡೂ ಕಡೆ ಇದೆ, ಕ್ಯಾಲ್ಗರಿಯಲ್ಲಿ ಹೆಚ್ಚು. ತುಟಿ ಒಡೆಯುತ್ತದೆ, ಮಕ್ಕಳ ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯುತ್ತದೆ. ತೆಂಗಿನೆಣ್ಣೆ ಬಾಟಲಿಯಲ್ಲಿ ವರ್ಷದ ಹೆಚ್ಚಿನ ಕಾಲ ಗಟ್ಟಿಯೇ. ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ನಮ್ಮ ಹೆಂಗಸರು ಒಲೆಯೊಳಗಿನ ದೀಪ ಹಚ್ಚಿ ಅದರೊಳಗೆ ಪಾತ್ರೆ ಇಡುತ್ತಾರೆ. ಇದೆಲ್ಲ ಅಭ್ಯಾಸವಾಗುವ ಕಷ್ಟಗಳು.

ಅಭ್ಯಾಸವಾಗಲು ಹೆಚ್ಚು ದಿನ ಬೇಕಾದದ್ದು ಕತ್ತಲೆ. ಡಿಸೆಂಬರ್ ಕೊನೆಗೆ ಎರಡೂ ಕಡೆ ಹಗಲು ಸುಮಾರು ಎಂಟೇ ಗಂಟೆ. ಸೂರ್ಯ ಮೂಡುವುದು ಎಂಟೂವರೆಯ ಹೊತ್ತಿಗೆ, ನಾಲ್ಕೂವರೆಗೆ ಮುಳುಗಿ ಆಗಿರುತ್ತದೆ. ಬೆಳಗಿನ ಪಾಳಿಗೆ ಹೋಗುವ ನರ್ಸ್ ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮರಳುತ್ತಾಳೆ. ಒಂದು ಸಮಾಧಾನವೆಂದರೆ ಎರಡೂ ಬಿಸಿಲಿನ ಊರುಗಳು. ವರ್ಷಕ್ಕೆ 2300 ಗಂಟೆಗಿಂತ ಹೆಚ್ಚು ಬಿಸಿಲು ಬೀಳುತ್ತದೆ, ಕ್ಯಾಲ್ಗರಿಯಲ್ಲಿ ಇನ್ನೂ ತುಸು ಜಾಸ್ತಿ. ದಕ್ಷಿಣಕ್ಕೆ ಕಿಟಕಿ ಇರುವ ಮನೆಯನ್ನೇ ಹುಡುಕಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತಿಲ್ಲ, ಹಗಲೆಲ್ಲ ಮನೆಯಲ್ಲಿರುವವರಿಗೆ ಆ ಕಿಟಕಿಯೇ ಜೀವ.

ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತದೆ. ಜುಲೈಯಲ್ಲಿ ವಿನ್ನಿಪೆಗ್ 26 ಡಿಗ್ರಿಯವರೆಗೆ ಏರುತ್ತದೆ, ರಾತ್ರಿಯೂ ಅಷ್ಟು ತಣ್ಣಗಾಗುವುದಿಲ್ಲ. ಟೊಮೆಟೊ, ಬೀನ್ಸ್ ಹಿತ್ತಲಲ್ಲಿ ಚೆನ್ನಾಗಿ ಬೆಳೆಯುತ್ತವೆ. ನಮ್ಮವರೊಬ್ಬರ ಮನೆಯಲ್ಲಿ ಕುಂಡದ ಬಸಳೆಯನ್ನೂ ಉಂಡಿದ್ದೇನೆ. ಸೊಳ್ಳೆಗಳೂ ಧಾರಾಳ, ಅವುಗಳ ಮುಂದೆ ನಮ್ಮ ಊರಿನವು ಸಾಧು. ಕ್ಯಾಲ್ಗರಿಯಲ್ಲಿ ಸೊಳ್ಳೆ ಕಡಿಮೆ, ಜುಲೈ ರಾತ್ರಿಯೂ 10 ಡಿಗ್ರಿಗೆ ಇಳಿಯುತ್ತದೆ, ಮೇ ಕೊನೆಯಲ್ಲೂ ಹಿಮ ಬೀಳುವುದುಂಟು. 2014ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಮರಗಳಲ್ಲಿ ಎಲೆ ಇರುವಾಗಲೇ ಬಿದ್ದ ಹಿಮದ ಭಾರಕ್ಕೆ ಊರಿಡೀ ಕೊಂಬೆಗಳು ಮುರಿದವು. ಬೇಸಿಗೆಯ ಆಲಿಕಲ್ಲು ಮತ್ತೊಂದು ಕಾಟ. 2020ರ ಜೂನ್ 13ರಂದು ಮತ್ತು 2024ರ ಆಗಸ್ಟ್ 5ರಂದು ಬಿದ್ದ ಕಲ್ಲುಗಳು ನೂರು ಕೋಟಿ ಡಾಲರಿಗೂ ಮೀರಿದ ನಷ್ಟ ಮಾಡಿದವು. ಮನೆ, ಕಾರು ಕೊಳ್ಳುವವರು ವಿಮೆಯ ಪತ್ರದಲ್ಲಿ ಆಲಿಕಲ್ಲಿನ ಷರತ್ತನ್ನು ಓದಿಯೇ ಸಹಿ ಹಾಕಬೇಕು.

ನೆರೆಯ ಭಯ ಎರಡಕ್ಕೂ ಉಂಟು. ಕ್ಯಾಲ್ಗರಿಯ ನಡುಪೇಟೆ 2013ರ ಜೂನಿನಲ್ಲಿ ಮುಳುಗಿತು. ವಿನ್ನಿಪೆಗ್ಗಿನ ರೆಡ್ ನದಿ ಉತ್ತರಕ್ಕೆ ಹರಿಯುವುದರಿಂದ, ಮೇಲ್ಭಾಗದಲ್ಲಿ ಹಿಮ ಕರಗಿದರೂ ಕೆಳಭಾಗ ಇನ್ನೂ ಗಟ್ಟಿಯಾಗಿದ್ದು ನೀರು ಕಟ್ಟಿಕೊಳ್ಳುತ್ತದೆ. 1950ರ ನೆರೆಯ ನಂತರ ಊರನ್ನು ಬಳಸಿ ಹೋಗುವ 47 ಕಿಲೋಮೀಟರ್ ಉದ್ದದ ಕಾಲುವೆ ತೋಡಿ 1968ರಲ್ಲಿ ಮುಗಿಸಿದರು. 1997ರ ದೊಡ್ಡ ನೆರೆಯಲ್ಲಿ ನಗರ ಉಳಿದದ್ದು ಅದರಿಂದಲೇ. ಬಾಡಿಗೆಗೆ ನೆಲಮಾಳಿಗೆ ಕೊಡುತ್ತೇವೆಂದರೆ ಹಿಂದೆ ನೀರು ನುಗ್ಗಿತ್ತೇ ಎಂದು ಕೇಳಿ.

ಹಾಗಾದರೆ ಯಾವುದು? ಇತ್ತೀಚೆಗೆ ಕೇಳಿದ ಒಂದು ಕುಟುಂಬದಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ 72 ವರ್ಷದ ತಾಯಿ. ಒಮ್ಮೆ ಸೊಂಟ ಮುರಿದು ಚೇತರಿಸಿಕೊಂಡವರು, ದಿನವೂ ಇಗರ್ಜಿಗೆ ನಡೆದೇ ಬರುವವರು. ಮಗ ಕ್ಯಾಲ್ಗರಿ ಎಂದು ನಿರ್ಧರಿಸಿದ್ದೇ ತಾಯಿಗೆ ಚಳಿ ಕಡಿಮೆಯಾಗಲಿ ಎಂದು. ಅವರಿಗೆ ನಾನು ವಿನ್ನಿಪೆಗ್ ಎಂದೆ. ತೀರಾ ಚಳಿಯ ದಿನ ಆ ತಾಯಿ ಹೇಗೂ ಹೊರಗೆ ಹೋಗುವುದಿಲ್ಲ. ಕ್ಯಾಲ್ಗರಿಯಲ್ಲಾದರೋ, ಬಿಸಿಲು ಕಂಡು ಹೊರಟುಬಿಡುತ್ತಾರೆ. ತಾಯಿ ಇಲ್ಲದೆ ಗಂಡ ಹೆಂಡತಿ ಮಾತ್ರ ಹೊರಡುವವರಾಗಿದ್ದರೆ, ಅಥವಾ ಮಗನದು ಹೊರಗೆ ನಿಂತು ಮಾಡುವ ಕೆಲಸವಾಗಿದ್ದರೆ, ಕ್ಯಾಲ್ಗರಿಗೇ ಹೋಗಿ ಎನ್ನುತ್ತಿದ್ದೆ. ಹೊರಾಂಗಣದಲ್ಲಿ ದುಡಿಯುವವನಿಗೆ ನಡುನಡುವೆ ಸಿಗುವ ಬೆಚ್ಚನೆ ದಿನಗಳು ದೊಡ್ಡ ಬಿಡುವು.

ಎಲ್ಲಿಗೇ ಹೋದರೂ ಜನವರಿಯಲ್ಲಿ ಮಾತ್ರ ಇಳಿಯಬೇಡಿ. ಮೇ ಅಥವಾ ಜೂನಿನಲ್ಲಿ ತಲುಪಿದರೆ ಬಸ್ಸು, ಅಂಗಡಿ, ಶಾಲೆಯ ದಾರಿ ಗುರುತಾದ ಮೇಲೆ ಚಳಿ ಬರುತ್ತದೆ. ಹಿರಿಯರನ್ನು ಮೊದಲ ವರ್ಷವೇ ಕರೆದೊಯ್ಯದೆ, ಮನೆ ನೆಲೆಯಾದ ಮೇಲಿನ ಜೂನಿಗೆ ಕರೆಸಿಕೊಳ್ಳುವುದು ಉತ್ತಮ. ಮಂಗಳೂರಿನಲ್ಲಿ ದಪ್ಪ ಕೋಟಿಗೆ ಹಣ ಸುರಿಯಬೇಡಿ, ಇಲ್ಲಿ ಸಿಗುವುದು ಆ ಚಳಿಗೆ ಸಾಲದು. ಅಲ್ಲಿ ಬಳಸಿದ ಬಟ್ಟೆಗಳನ್ನು ಮಾರುವ ಅಂಗಡಿಗಳಲ್ಲಿ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತದೆ. ಬೂಟು ಮಾತ್ರ ಹೊಸದೇ ಕೊಳ್ಳಿ, ಒಳಗೆ ಉಣ್ಣೆಯ ಕಾಲುಚೀಲ ಹಾಕಿದರೂ ಬೆರಳಾಡುವಂತೆ ಒಂದು ಅಳತೆ ದೊಡ್ಡದು. ವಯಸ್ಸಾದವರಿಗೆ ಬೂಟಿನ ಅಡಿಗೆ ಸಿಕ್ಕಿಸುವ ಮೊಳೆಯ ಪಟ್ಟಿ ಸಿಗುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ.